ಹ್ಯೂಸ್ಟನ್, ಡಲ್ಲಾಸ್ ಮತ್ತು ನನ್ನ ಹೆಬ್ಬೆರಳು

ನನ್ನ ಬಲಗೈ ಹೆಬ್ಬೆರಳಿನ ಮೇಲೆ ನನಗಿದ್ದಷ್ಟು ನಂಬಿಕೆ ಬೇರೆ ಯಾರ ಮೇಲೂ ಇರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಮುಂದೆ ಆದ ಎಡವಟ್ಟಿಗೆಲ್ಲ ಅದೇ ಕಾರಣ.

ನಾನು ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನ ತನಕ. ಆಮೇಲೆ ಕಲಿತದ್ದೆಲ್ಲ ಸ್ಟಿಯರಿಂಗ್ ಹಿಡಿದುಕೊಂಡು. ಇಪ್ಪತ್ತಮೂರು ವರ್ಷ ಕುವೈತಿನಲ್ಲಿ ಕಂಪೆನಿಯ ವ್ಯಾನು ಓಡಿಸಿದೆ. ಬೆಳಿಗ್ಗೆ ಸುಲೈಬಿಯಾದ ಕ್ಯಾಂಪಿನಿಂದ ಕೆಲಸಗಾರರನ್ನು ಹತ್ತಿಸಿಕೊಂಡು ಮೀನಾ ಅಲ್ ಅಹ್ಮದಿಗೆ ಬಿಡುವುದು, ಸಂಜೆ ವಾಪಸು ತರುವುದು. ವ್ಯಾನಿನಲ್ಲಿ ಕುವೈತಿನ ನಕಾಶೆಯೊಂದನ್ನು ಅಂಟಿಸಿಕೊಂಡಿದ್ದೆ. ಅದರ ಮೇಲೆ ಹೆಬ್ಬೆರಳು ಅಡ್ಡ ಇಟ್ಟರೆ ಅರ್ಧ ಗಂಟೆ. ಎರಡು ಸಲ ಇಟ್ಟರೆ ಒಂದು ಗಂಟೆ. ನಾಲ್ಕು ಸಲ ಇಟ್ಟರೆ ದೇಶವೇ ಮುಗಿಯಿತು, ಆಚೆ ಸೌದಿ. ದೊಡ್ಡ ದೊಡ್ಡ ಎಂಜಿನಿಯರುಗಳೂ "ಸಂಜೀವ ಭಾಯಿ, ಕಿತನಾ ಟೈಮ್?" ಎಂದು ಕೇಳುತ್ತಿದ್ದರು. ನಾನು ಹೆಬ್ಬೆರಳು ಇಟ್ಟು ಹೇಳುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ.

ಕೆಲಸ ಬಿಟ್ಟ ಮೇಲೆ ಅಬ್ಬಾಸಿಯಾದಲ್ಲಿ ಮಗ ಉಮೇಶನ ಮನೆಯಲ್ಲೇ ಉಳಿದೆ. ಅವನು ಅದೇ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್. ಅವನ ಮಗಳು ದೀಕ್ಷಾ ನನ್ನ ಒಬ್ಬಳೇ ಮೊಮ್ಮಗಳು. ಚಿಕ್ಕವಳಿದ್ದಾಗ ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, "ಅಜ್ಜ, ಈ ರೋಡನ್ನು ಯಾರು ಮಾಡಿದ್ದು?" ಎಂದು ಕೇಳುತ್ತಿದ್ದ ಹುಡುಗಿ. ಈಗ ರೋಡು ಮಾಡುವುದನ್ನೇ ಕಲಿಯುತ್ತೇನೆ ಎಂದು ಹೊರಟಿದ್ದಳು. ಅಮೆರಿಕದ ಎರಡು ಕಾಲೇಜುಗಳು, ಒಂದು ಹ್ಯೂಸ್ಟನ್ನಿನದು, ಒಂದು ಡಲ್ಲಾಸಿನದು, ಫೀಸು ಬೇಡ ಬಾ ಎಂದು ಒಂದೇ ವಾರದಲ್ಲಿ ಕರೆದುಬಿಟ್ಟವು. ಆ ಸಂತೋಷವನ್ನು ನಾನು ಹೇಗೆ ಹೇಳಲಿ! ರಸ್ತೆಯ ಮೇಲೆ ಓಡಿದವನ ಮೊಮ್ಮಗಳು ರಸ್ತೆಯನ್ನೇ ಹಾಸುತ್ತಾಳೆ. ಕಟ್ಟಡದ ಇಪ್ಪತ್ನಾಲ್ಕು ಬಾಗಿಲು ತಟ್ಟಿ ಲಾಡು ಹಂಚಿದೆ. ಕೆಳಗಿನ ಕಾವಲುಗಾರ ಈಜಿಪ್ಟಿನವನು, ಮದುವೆಯೋ ಎಂದು ಕೈಸನ್ನೆ ಮಾಡಿದ. ಅದಕ್ಕಿಂತ ದೊಡ್ಡದು ಎಂದು ನಾನೂ ಕೈ ಅಗಲ ಮಾಡಿ ತೋರಿಸಿದೆ.

ಆದರೆ ಉಮೇಶ ಒಂದು ಷರತ್ತು ಹಾಕಿದ. "ನಮ್ಮವರು ಇದ್ದ ಊರಿಗೆ ಮಾತ್ರ. ಇಲ್ಲದಿದ್ರೆ ಮಂಗಳೂರಲ್ಲಿ ಹಾಸ್ಟೆಲು ಉಂಟು, ಕಾಲೇಜೂ ಉಂಟು." ನಮ್ಮವರು ಎಂದರೆ ವಾರಿಜ, ಸೊಸೆ ಶಶಿಕಲಾಳ ಅಕ್ಕ. ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ದೀಕ್ಷಾಳಿಗೋ ಡಲ್ಲಾಸೇ ಬೇಕು. ಯಾಕೆ ಎಂದರೆ, "ಕೋರ್ಸ್ ಬೆಟರ್ ಅಜ್ಜ" ಎನ್ನುತ್ತಾಳೆ, ಅಷ್ಟೆ. ಒಪ್ಪಿಗೆ ಕಳಿಸಲು ಹತ್ತು ದಿನ ಇತ್ತು.

ಆ ಹತ್ತು ದಿನ ನಮ್ಮ ಕಟ್ಟಡದಲ್ಲಿ ಎರಡು ಪಕ್ಷ. ರಿಫೈನರಿಯವರೆಲ್ಲ ಹ್ಯೂಸ್ಟನ್ ಪಕ್ಷ, ಅದು ಎಣ್ಣೆಯ ಊರು. ಕೆಳಗೆ ದಿನಸಿ ಅಂಗಡಿ ಇಟ್ಟಿದ್ದ ಹಮೀದಾಕ ಡಲ್ಲಾಸ್ ಪಕ್ಷ, ಅದು ವ್ಯಾಪಾರದ ಊರು. ಹಮೀದಾಕ ನಮ್ಮ ಬಂಟ್ವಾಳದ ಕಡೆಯ ಬ್ಯಾರಿ, ಕರಾವಳಿಯ ಮುಸ್ಲಿಮರು, ನನ್ನ ಹಳೆಯ ಸ್ನೇಹಿತ; ಅಣ್ಣ ಎನ್ನುವ ಹಾಗೆ ಎಲ್ಲರೂ ಅವರ ಹೆಸರಿಗೆ 'ಆಕ' ಸೇರಿಸಿ ಕರೆಯುವುದು. ಎರಡು ಪಕ್ಷದಲ್ಲೂ ಯಾರೂ ಅಮೆರಿಕ ನೋಡಿದವರಲ್ಲ, ಆದ್ದರಿಂದ ವಾದಕ್ಕೆ ಅಡ್ಡಿಯಿರಲಿಲ್ಲ.

ನಾನು ದೀಕ್ಷಾಳ ಕಂಪ್ಯೂಟರಿನಲ್ಲಿ ಎರಡೂ ಊರುಗಳ ಚಿತ್ರ ನೋಡಿ ನೋಡಿ ನನ್ನದೇ ಲೆಕ್ಕ ಹಾಕಿದ್ದೆ. ಹ್ಯೂಸ್ಟನ್ನಿನ ರಸ್ತೆ ನಮ್ಮ ಕುವೈತಿನ ಹಾಗೆ, ಊರಿಗೆ ಒಂದು ಬಳೆ, ಅದರ ಹೊರಗೆ ಮತ್ತೊಂದು ಬಳೆ. ಆದರೆ ಹವೆ ಪೂರ್ತಿ ಮಂಗಳೂರು. ಸಮುದ್ರ ಹತ್ತಿರ, ಬಂದರು ಉಂಟು, ಅಂಗಿ ಹಾಕಿದ ಐದು ನಿಮಿಷಕ್ಕೆ ಬೆನ್ನಿಗೆ ಅಂಟುತ್ತದೆ, ಒಂದು ಜೋರು ಮಳೆ ಬಂದರೆ ರಸ್ತೆಯೇ ಹೊಳೆ. ಡಲ್ಲಾಸ್ ಸಮುದ್ರದಿಂದ ದೂರ, ಒಣ ಬಿಸಿಲು, ಗಾಜಿನ ಎತ್ತರದ ಕಟ್ಟಡಗಳು, ಇಸ್ತ್ರಿ ಹಾಕಿದ ಅಂಗಿಯ ಹಾಗೆ ನಿಂತ ಊರು. ಅದು ಒಂಟಿಯೂ ಅಲ್ಲ. ಪಕ್ಕದಲ್ಲೇ ಫೋರ್ಟ್ ವರ್ತ್ ಎಂಬ ದನದ ಸಂತೆಯ ಹಳೇ ಊರು, ಎರಡಕ್ಕೂ ಸೇರಿ ನಡುವೆ ಒಂದು ದೊಡ್ಡ ವಿಮಾನ ನಿಲ್ದಾಣ. ಹುಬ್ಬಳ್ಳಿ ಧಾರವಾಡಕ್ಕೆ ಒಂದೇ ಮಹಾನಗರಪಾಲಿಕೆ ಇಟ್ಟ ಹಾಗೆ ಅಂದುಕೊಳ್ಳಿ. ಹ್ಯೂಸ್ಟನ್ನಿನವರು ಡಲ್ಲಾಸಿನವರಿಗೆ ಒಣ ಜಂಭ ಅನ್ನುತ್ತಾರಂತೆ. ಡಲ್ಲಾಸಿನವರು ಹ್ಯೂಸ್ಟನ್ನಿನವರಿಗೆ ಬೆವರು ನಾತ ಅನ್ನುತ್ತಾರಂತೆ. ಇದನ್ನು ಕೇಳಿದ ಮೇಲೆ ಎರಡೂ ಊರುಗಳ ಮೇಲೆ ನನಗೆ ಪ್ರೀತಿ ಬಂತು. ನಮ್ಮ ಮಂಗಳೂರಿನವರೂ ಉಡುಪಿಯವರೂ ಮೀನುಸಾರಿನ ವಿಷಯದಲ್ಲಿ ಆಡುವುದು ಇದೇ ಜಗಳ ತಾನೆ? ನೋಡಿ, ಊರು ಊರು ಜಗಳವಾಡಬೇಕಾದರೆ ಎರಡೂ ಬಹಳ ಮಟ್ಟಿಗೆ ಒಂದೇ ಥರ ಇರಬೇಕು. ಸುಲೈಬಿಯಾ ಎಂದಾದರೂ ನ್ಯೂಯಾರ್ಕಿನ ಜೊತೆ ಜಗಳವಾಡಿದೆಯೇ?

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದ್ದು ಹೆಬ್ಬೆರಳಿನಲ್ಲಿ.

ದೀಕ್ಷಾಳ ಶಾಲೆಯ ಅಟ್ಲಾಸಿನಲ್ಲಿ ಅಮೆರಿಕವಿಡೀ ಒಂದು ಪುಟ. ಹ್ಯೂಸ್ಟನ್ನಿಗೂ ಡಲ್ಲಾಸಿಗೂ ನಡುವೆ ಬೆರಳು ಇಟ್ಟೆ. ಒಂದು ಹೆಬ್ಬೆರಳಿನ ಅಗಲವೂ ಇರಲಿಲ್ಲ! ಉಮೇಶನನ್ನು ಕೂಗಿದೆ. "ನೋಡು ಮಾರಾಯ, ಇಲ್ಲಿಂದ ನಿನ್ನ ರಿಫೈನರಿಗೆ ಹೋದ ಹಾಗೆ. ಹುಡುಗಿ ಡಲ್ಲಾಸಲ್ಲಿ ಇರ್ಲಿ. ವಾರಿಜ ಪ್ರತಿ ಶುಕ್ರವಾರ ಒಂದು ಡಬ್ಬ ಮೀನುಸಾರು ಹಿಡ್ಕೊಂಡು ಹೋಗಿ ನೋಡ್ಕೊಂಡು ಬರ್ಲಿ. ಸಂಜೆಗೆ ಮನೆ."

ಉಮೇಶ ನನ್ನ ಹೆಬ್ಬೆರಳನ್ನು ಬಾಲ್ಯದಿಂದ ನಂಬಿದವನು. "ಹೌದಲ್ಲ ಅಪ್ಪ" ಎಂದ. ದೀಕ್ಷಾ ನನ್ನ ಕುತ್ತಿಗೆ ಅಪ್ಪಿಕೊಂಡಳು. ನನಗೆ ಹೆಮ್ಮೆಯೋ ಹೆಮ್ಮೆ.

ಶುಕ್ರವಾರ ಸಂಜೆ ವಾರಿಜಳಿಗೆ ಫೋನು ಹಾಕಿದೆವು. ಸ್ಪೀಕರು ಹಾಕಿಟ್ಟಿದ್ದರಿಂದ ಮಾನ ಹೋದದ್ದು ಇಡೀ ಮನೆಗೆ ಕೇಳಿಸಿತು.

"ಶುಕ್ರವಾರವಾ? ಮಾವ, ಈಗ ಇಲ್ಲಿ ಶುಕ್ರವಾರ ಬೆಳಿಗ್ಗೆ, ನಾನು ಡ್ಯೂಟಿಯಲ್ಲಿದ್ದೇನೆ! ಇಲ್ಲಿ ಶುಕ್ರವಾರ ಎಂತ ರಜೆ? ಅದೂ ಡಲ್ಲಾಸಿಗೆ? ಒಂದು ದಾರಿಗೇ ನಾಲ್ಕು ಗಂಟೆ ಬೇಕು. ನಾಲ್ಕು ಗಂಟೆ ಗಾಡಿ ಬಿಟ್ರೆ ನೀವು ಕುವೈತನ್ನು ಎರಡು ಸಲ ದಾಟ್ತೀರಿ. ಯಾರು ಅಳತೆ ಮಾಡಿದ್ದು ಇದನ್ನು?"

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಇಷ್ಟು ವರ್ಷ ಕುವೈತಿನಲ್ಲಿದ್ದು, ಶುಕ್ರವಾರ ಎಂದರೆ ಲೋಕಕ್ಕೆಲ್ಲ ರಜೆ, ನಕಾಶೆ ಎಂದರೆ ಎಲ್ಲವೂ ನಮ್ಮ ನಕಾಶೆಯಷ್ಟೇ ಎಂದು ತಿಳಿದಿದ್ದೆನಲ್ಲ!

"ಖಲಾಸ್" ಎಂದ ಉಮೇಶ. "ಹ್ಯೂಸ್ಟನ್. ಇಲ್ಲದಿದ್ರೆ ಮಂಗಳೂರು."

ದೀಕ್ಷಾ ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ಮಡಚುತ್ತ ನಿಂತಳು. ನಾನೂ ಹೋದೆ. "ನನ್ನಿಂದ ತಪ್ಪಾಯ್ತು ಮಗಾ. ಅಷ್ಟು ದೂರ ಅಂತ ಗೊತ್ತಿರ್ಲಿಲ್ಲ" ಎಂದೆ.

"ನಂಗೆ ಗೊತ್ತಿತ್ತು ಅಜ್ಜ."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಒಳಗೆ ಒಮ್ಮೆ ನೋಡಿ ದನಿ ಇಳಿಸಿದಳು. "ಫೋರ್ ಅವರ್ಸ್ ಈಸ್ ಪರ್ಫೆಕ್ಟ್ ಅಜ್ಜ. ಹ್ಯೂಸ್ಟನ್ನಲ್ಲಿ ಇದ್ರೆ ವಾರಿಜ ದೊಡ್ಡಮ್ಮ ಡೈಲಿ ಬರ್ತಾರೆ. ನಾನು ಎಂತ ತಿಂದೆ, ಯಾರ ಜೊತೆ ಮಾತಾಡಿದೆ, ಎಲ್ಲ ಸೇಮ್ ಡೇ ಇಲ್ಲಿಗೆ ರಿಪೋರ್ಟ್."

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ, ಈ ಗುಟ್ಟು ನಿಮಗೆ ಮಾತ್ರ, ನಾನು ಮೊದಲ ಸಲ ಕುವೈತಿಗೆ ಬಂದಾಗ ಸಾಲ್ಮಿಯಾದಲ್ಲಿ ನನ್ನ ಸೋದರಮಾವ ಇದ್ದರು. ರೂಮಿನಲ್ಲಿ ಜಾಗವೂ ಇತ್ತು. ಆದರೆ ನಾನು ಸೇದಿದ ಒಂದೊಂದು ಬೀಡಿಗೂ ಊರಿಗೆ ಒಂದೊಂದು ಕಾಗದ ಹಾಕುವ ಮನುಷ್ಯ ಅವರು. ಅದಕ್ಕೇ ನಾನು ಸುಲೈಬಿಯಾದ ಕ್ಯಾಂಪಿಗೆ ಹೋಗಿ, ಒಂದು ಕೋಣೆಗೆ ಹತ್ತು ಜನರ ನಡುವೆ ಮಲಗಿದೆ. ಅಳತೆ ಅರ್ಧ ಗಂಟೆ, ಒಂದು ಹೆಬ್ಬೆರಳು. ನನ್ನ ಕಾಲಕ್ಕೆ ಅಷ್ಟು ದೂರ ಸಾಕಿತ್ತು. ಅವಳ ಕಾಲಕ್ಕೆ ನಾಲ್ಕು ಗಂಟೆ ಬೇಕು.

ಒಳಗೆ ಹೋಗಿ ಉಮೇಶನ ಎದುರು ಕೂತೆ. ಬೀಡಿಯ ಕತೆಯನ್ನೂ ದೀಕ್ಷಾಳ ಗುಟ್ಟನ್ನೂ ಬಿಟ್ಟು ನನ್ನ ಕ್ಯಾಂಪಿನ ಕತೆ ಹೇಳಿದೆ. "ನನಗೂ ಇಲ್ಲಿ ಮಾವ ಇದ್ರು. ಆದ್ರೆ ಮೊದಲ ವರ್ಷ ಜ್ವರ ಬಂದು ಬಿದ್ದಾಗ ಹನ್ನೊಂದು ದಿನ ಗಂಜಿ ಕೊಟ್ಟದ್ದು ಯಾರು ಗೊತ್ತುಂಟಾ? ಪಕ್ಕದ ಮಂಚದವ. ನನ್ನ ಜಾತಿಯೂ ಅಲ್ಲ, ನಂಟನೂ ಅಲ್ಲ. ಈಗ ಕೆಳಗೆ ಅಂಗಡಿ ಇಟ್ಟಿದ್ದಾರೆ. ನೀನು ಅವರನ್ನು ಎಂತ ಕರೀತಿ?"

"ಹಮೀದಾಕ" ಎಂದ ಉಮೇಶ. ಆಮೇಲೆ ಅಂಗಿ ಹಾಕಿಕೊಂಡು ಕೆಳಗೆ ಇಳಿದ. ನಾನೂ ಹಿಂದೆಯೇ ಇಳಿದೆ.

"ಹಮೀದಾಕ, ಡಲ್ಲಾಸಲ್ಲಿ ನಿಮ್ಮ ಹಾಗಿನವರು ಸಿಕ್ತಾರಾ?"

ಹಮೀದಾಕ ಅಕ್ಕಿ ತೂಗುತ್ತಿದ್ದವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಅಲ್ಲಿ ಅಂಗಡಿ ಉಂಟಲ್ಲ ಉಮೇಶ? ಅಂಗಡಿ ಇದ್ದಲ್ಲಿ ಒಬ್ಬ ಬ್ಯಾರಿ ಇದ್ದೇ ಇರ್ತಾನೆ. ಹೋಗು, ಕಾಗದಕ್ಕೆ ಸೈನ್ ಹಾಕು. ನಿನ್ನಪ್ಪನಿಂದ ಲಾಡು ತಿಂದವರು ನಾವು, ವಾಪಸು ಕೊಡ್ಲಿಕ್ಕೆ ಆಗುದಿಲ್ಲ."

ಹೀಗೆ ಅವಳು ಡಲ್ಲಾಸಿಗೆ ಹೋದಳು. ಎರಡೇ ತಿಂಗಳಿಗೆ, "ಹ್ಯೂಸ್ಟನ್ನಾ? ಛೀ, ಬೆವರು ಅಜ್ಜ" ಎನ್ನುವಷ್ಟು ಆ ಊರಿನವಳಾದಳು. ಅವಳ ಹಾಸ್ಟೆಲಿನ ಎದುರು ಒಂದು ಹೊಸ ರಸ್ತೆ ಆಗುತ್ತಿದೆಯಂತೆ. ಜಲ್ಲಿ ಎಷ್ಟು, ಡಾಂಬರು ಎಷ್ಟು ಎಂದು ಫೋನಿನಲ್ಲಿ ನನಗೆ ಪಾಠ ಮಾಡುತ್ತಾಳೆ. ಅರ್ಧ ಅರ್ಥವಾಗುವುದಿಲ್ಲ, ಆದರೂ ಫೋನು ಇಡಲು ಮನಸ್ಸು ಬರುವುದಿಲ್ಲ.

ಒಂದು ಸೋಮವಾರ ಫೋನೆತ್ತಿದ ಕೂಡಲೇ ಕಿರುಚಿದಳು. "ಅಜ್ಜ! ಶೀ ಕೇಮ್! ವಾರಿಜ ದೊಡ್ಡಮ್ಮ! ನಿನ್ನೆ ಡ್ರೈವ್ ಮಾಡ್ಕೊಂಡು, ಒಬ್ರೇ. ಮೀನುಸಾರು ತಂದಿದ್ರು. ನನ್ನ ಫ್ರಿಜ್ ಪೂರ್ತಿ ಚೆಕ್ ಮಾಡಿದ್ರು. ಮುಂದಿನ ತಿಂಗಳೂ ಬರ್ತಾರಂತೆ."

"ನಾಲ್ಕು ಗಂಟೆ ದಾರಿಯಲ್ವಾ ಮಗಾ?"

"ಅದನ್ನೇ ಕೇಳಿದೆ. ಎಷ್ಟು ದೂರ ಮಹಾ, ಇಲ್ಲೇ ಅಲ್ವಾ ಅಂದ್ರು!" ಬೈಯುವ ಹಾಗೆ ಹೇಳಿದಳು, ಆದರೆ ಬಾಯಲ್ಲಿ ಏನೋ ಇತ್ತು. ಉಳಿದ ಸಾರಿನಲ್ಲಿ ಅನ್ನ ಕಲಸಿ ತಿನ್ನುತ್ತಿದ್ದಳು.

ಫೋನಿಟ್ಟು ಅಟ್ಲಾಸು ತೆಗೆದೆ. ಮುಷ್ಟಿಯಿಂದ ಹೆಬ್ಬೆರಳನ್ನು ಹೊರಗೆ ಬಿಟ್ಟು, ಎರಡು ಊರುಗಳ ನಡುವೆ ಮತ್ತೊಮ್ಮೆ ಇಟ್ಟು ನೋಡಿದೆ. ಈ ಸಲವೂ ಒಂದು ಹೆಬ್ಬೆರಳಿನ ಅಗಲ ಇರಲಿಲ್ಲ.