ಅಳತೆಗೆ ನಿಲ್ಲದ ಚಂದ್ರ
ನಮ್ಮ ಬೀದಿಯ ಟೈಲರನ್ನು ಕೊರಳಲ್ಲಿ ಟೇಪಿಲ್ಲದೆ ಕಂಡವರಿಲ್ಲ. ಸ್ನಾನಕ್ಕಾದರೂ ತೆಗೆದಿಡುತ್ತಾರೋ ಇಲ್ಲವೋ ಎಂಬುದು ನಮ್ಮೆಲ್ಲರ ಬಹುದಿನದ ಅನುಮಾನ. ಹೊಟ್ಟೆ ಬೆಳೆಸಿಕೊಂಡು ಬಂದವರಿಗೆ, “ನೀವು ದಪ್ಪ ಆಗಿಲ್ಲ ಸಾರ್, ಬಟ್ಟೆ ಕುಗ್ಗಿದೆ ಅಷ್ಟೆ” ಎನ್ನುವ ಕರುಣಾಳು. ಅವರ ಟೇಪಿಗೆ ಸರಿಯಾಗಿ ಸಿಗದ ಗಿರಾಕಿ ಒಬ್ಬನೇ. ಹುಣ್ಣಿಮೆ ಕಳೆದ ಬೆಳಗ್ಗೆ ಅವರು ತಾಯಿಯನ್ನು ಕೈಹಿಡಿದು ತಾರಸಿಗೆ ಹತ್ತಿಸುತ್ತಾರೆ, ಮಹಡಿಯಲ್ಲಿ ಬಾಡಿಗೆಗಿರುವ ನನ್ನನ್ನೂ ಬಾಗಿಲು ಬಡಿದು ಎಬ್ಬಿಸುತ್ತಾರೆ. ಆಮೇಲೆ ಕೈ ಚಾಚಿ ಟೇಪು ಹಿಡಿದು, ಒಂದು ಕಣ್ಣು ಮುಚ್ಚಿ, ಮುಳುಗುವ ಚಂದ್ರನ ಅಳತೆ ತೆಗೆಯುತ್ತಾರೆ. “ದೊಡ್ಡದಾಗಿ ಕಾಣ್ತಾನೆ, ಆದ್ರೆ ಅಗಲ ನೆತ್ತಿ ಮೇಲಿದ್ದಾಗಿನಷ್ಟೇ. ಎತ್ತರ ಮಾತ್ರ ಕಮ್ಮಿಯಾಗಿದೆ ನೋಡಿ. ಅವನು ಕುಗ್ಗಿಲ್ಲ, ನಮ್ಮ ಗಾಳಿ ಅದುಮಿದೆ.” ನೋಡನೋಡುತ್ತಿದ್ದಂತೆ ಬಿಳಿ ಹಳದಿಯಾಗುತ್ತದೆ, ಹಳದಿ ಕೆಂಡವಾಗುತ್ತದೆ, ಚಪ್ಪಟೆಯಾದ ಅಂಚು ನೀರೊಳಗಿದ್ದಂತೆ ಅಲುಗುತ್ತದೆ, ನನ್ನ ನಿದ್ದೆಗಣ್ಣು ಪೂರ್ತಿ ತೆರೆದುಬಿಡುತ್ತದೆ. ಕೆಳಗಿನ ಅಂಚು ನೆಲ ಮುಟ್ಟಿದಾಗ ಅವರ ದನಿ ಪಿಸುಮಾತಾಗುತ್ತದೆ: “ನಿಜವಾದ ಚಂದ್ರ ಆಗಲೇ ಇಳಿದುಬಿಟ್ಟಿದ್ದಾನೆ. ಗಾಳಿ ಬೆಳಕನ್ನ ಬಗ್ಗಿಸಿ, ಅವನನ್ನ ಇನ್ನೂ ಎತ್ತಿ ಹಿಡ್ಕೊಂಡಿದೆ.” ಮೊನ್ನೆ ಆ ಕೆಂಪು ಬೆಳಕಿನಲ್ಲಿ ಅವರ ತಾಯಿಯ ಹೊಸ ನೈಟಿಯ ಅಂಚು ಕಣ್ಣಿಗೆ ಬಿತ್ತು: ಆಕೆಯ ಬೆನ್ನು ಬಾಗುವ ಮುಂಚಿನ ಎತ್ತರಕ್ಕೇ ಕತ್ತರಿಸಿ, ಈಗ ಹೆಚ್ಚಾಗಿ ಉಳಿದ ನಾಲ್ಕು ಬೆರಳು ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದಿದ್ದರು. “ಮಡಿಕೆ ಯಾಕೋ ಇಷ್ಟು ದಪ್ಪ?” ಎಂದರು ತಾಯಿ. ಟೈಲರ್ ಚಂದ್ರನಿಂದ ಕಣ್ಣು ಕೀಳದೆ ಹೇಳಿದರು: “ನೀನು ಕುಗ್ಗಿಲ್ಲಮ್ಮ, ಬಟ್ಟೆ ಉದ್ದ ಬಂದಿದೆ ಅಷ್ಟೆ.”