ಹಳದಿ ಗೋಡೆಯ ಹಗ್ಗ

ನಮ್ಮ ಕಾರ್ಖಾನೆಯಲ್ಲಿ ಈಗೊಂದು ಪದ್ಧತಿ ಇದೆ. ಸೇವಾ ದಿನಕ್ಕೆ ಹದಿನೈದು ದಿನ ಮುಂಚೆ ಒಬ್ಬರು ಆ ಜಾಗಕ್ಕೆ ಹೋಗಿ, ಎಲ್ಲರಿಗಿಂತ ಮೊದಲು ಅಲ್ಲಿಯ ಅಡುಗೆಯವಳನ್ನು ಮಾತಾಡಿಸಿ ಬರಬೇಕು. ಮುಖ್ಯಸ್ಥರನ್ನಲ್ಲ, ಟ್ರಸ್ಟಿಗಳನ್ನಲ್ಲ, ಅಡುಗೆಯವಳನ್ನು. ಹೊಸದಾಗಿ ಸೇರಿದವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಈ ಪದ್ಧತಿ ಬಂದದ್ದು ನನ್ನ ತಪ್ಪಿನಿಂದ ಮತ್ತು ಚೆಕಿಂಗ್ ಅಕ್ಕನ ಹಟದಿಂದ. ತಪ್ಪು ನನ್ನದಾದ್ದರಿಂದ ಕಥೆ ಹೇಳುವ ಹಕ್ಕೂ ನನ್ನದೇ.

ನಮ್ಮದು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆ. ನಾನು ಪ್ಯಾಕಿಂಗಿನವನು. ಪ್ಯಾಕಿಂಗಿಗೆ ಬರುವ ಮುಂಚೆ ಪ್ರತಿ ಗುಂಡಿಯೂ ಚೆಕಿಂಗ್ ಅಕ್ಕನ ಮೇಜು ದಾಟಬೇಕು. ಹದಿನಾಲ್ಕು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಅವಳು ಗುಂಡಿಯನ್ನು ನೋಡುವುದೇ ಇಲ್ಲ. ಕಣ್ಣು ಕಿಟಕಿಯಾಚೆ, ಕೆಲಸವೆಲ್ಲ ಬೆರಳಿನದು. ಅಂಚಿನಲ್ಲಿ ಕೂದಲಷ್ಟು ಸೀಳಿದ್ದರೂ ಬೆರಳು ನಿಲ್ಲುತ್ತದೆ. ಬಾಯಿಂದ ಬರುವುದು ಎರಡೇ ಮಾತು: "ಪಾಸ್", ಇಲ್ಲವೇ "ತೆಗಿ". ಮೂಗಿನ ತುದಿಯಲ್ಲೇ ಕೋಪ. ಅವಳ ಗಂಡನದು ಕ್ಷೌರದಂಗಡಿ. ಒಮ್ಮೆ ನನ್ನ ಕತ್ತಿನ ಮೇಲೆ ಕತ್ತಿ ಆಡಿಸುತ್ತ ಹೇಳಿದ್ದ: "ನಮ್ಮ ಮನೆಯವಳು ಹಿಡಿದ ಪಟ್ಟು ಬಿಟ್ಟ ದಿನ ಊರಿಗೆಲ್ಲ ಪುಕ್ಕಟೆ ಕಟಿಂಗ್ ಮಾಡ್ತೀನಿ, ನೋಡ್ತಾ ಇರು." ಇವತ್ತಿಗೂ ಎಲ್ಲರೂ ದುಡ್ಡು ಕೊಟ್ಟೇ ಮಾಡಿಸಿಕೊಳ್ಳುತ್ತಿದ್ದೇವೆ.

ಸೇವಾ ದಿನ ಅಂದರೆ ವರ್ಷಕ್ಕೊಮ್ಮೆ ಕಂಪನಿಯವರೆಲ್ಲ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಎಲ್ಲಾದರೂ ಹೋಗಿ ಸೇವೆ ಮಾಡುವ ದಿನ. ಯಾವ ವಿಭಾಗ ಎಷ್ಟು ಗಂಟೆ ದುಡಿಯಿತು ಅನ್ನುವುದು ನೋಟಿಸ್ ಬೋರ್ಡಿಗೆ ಬೀಳುತ್ತದೆ, ಗೆದ್ದವರಿಗೆ ಕಪ್. ಮೂರು ವರ್ಷ ಸತತವಾಗಿ ಪ್ಯಾಕಿಂಗಿನವರು ಎರಡನೇ ಸ್ಥಾನ. ಆ ವರ್ಷ ಕಪ್ ತಂದೇ ತರುತ್ತೇನೆಂದು ನಾನು ತೋಳೇರಿಸಿಕೊಂಡು ನಿಂತಿದ್ದೆ.

ಆ ಸಲ ಸಿಕ್ಕಿದ್ದು ಕಣ್ಣು ಕಾಣದ ಮಕ್ಕಳ ವಸತಿ ಶಾಲೆ. ನಮ್ಮ ಎಚ್.ಆರ್. ಮೇಡಂ ಒಂದು ಯೋಜನೆ ಹಾಕಿದರು. ಮಕ್ಕಳನ್ನೂ ವಾರ್ಡನ್ ಅಮ್ಮನನ್ನೂ ಬೆಳಿಗ್ಗೆಯೇ ಬಸ್ಸಿನಲ್ಲಿ ಪಾರ್ಕಿಗೆ ಕಳಿಸುವುದು, ಸಂಜೆ ಅವರು ಬರುವುದರೊಳಗೆ ಕಟ್ಟಡಕ್ಕೆಲ್ಲ ಹಳದಿ ಬಣ್ಣ ಬಳಿದು ಬೆರಗುಗೊಳಿಸುವುದು. ಕಣ್ಣು ಕಾಣದ ಮಕ್ಕಳಿಗೆ ಹಳದಿ ಗೋಡೆಯ ಬೆರಗು! ನಮ್ಮಲ್ಲಿ ಒಬ್ಬರಿಗಾದರೂ ಅದು ಹೊಳೆಯಬೇಡವೇ? ಹೊಳೆಯಲಿಲ್ಲ. ಚೆಕಿಂಗ್ ಅಕ್ಕನಿಗೂ ಹೊಳೆಯಲಿಲ್ಲ. ಅವಳು ಹಿಂದಿನ ಕೋಣೆಯಲ್ಲಿ ಕೂತು ಕಿಟಕಿಗಳಿಗೆ ಹೂವಿನ ಪರದೆ ಹೊಲಿಯುತ್ತಿದ್ದಳು.

ನನ್ನ ಪಾಲಿಗೆ ಬಂದದ್ದು ಉದ್ದನೆಯ ಓಣಿಯಂಥ ನಡುಮನೆ. ಒಂದು ತುದಿಯಲ್ಲಿ ಮಲಗುವ ಕೋಣೆ, ನಡುವೆ ಬಚ್ಚಲು, ಇನ್ನೊಂದು ತುದಿಯಲ್ಲಿ ಊಟದ ಕೋಣೆ. ಗೋಡೆಯುದ್ದಕ್ಕೂ ಮಕ್ಕಳ ಸೊಂಟದ ಎತ್ತರಕ್ಕೆ ಒಂದು ಹಗ್ಗ, ಜಿಡ್ಡು ಹಿಡಿದು ಕಪ್ಪಾಗಿತ್ತು. ಅಲ್ಲಲ್ಲಿ ಗಂಟು. ಒಂದು ಬಾಗಿಲ ಹತ್ತಿರ ಚಪ್ಪಟೆ ಮಾಡಿದ ತಗಡಿನ ಮುಚ್ಚಳ, ಇನ್ನೊಂದರ ಹತ್ತಿರ ಹಳೇ ಚಮಚ. ಬಟ್ಟೆ ಒಣಗಿಸುವ ಹಗ್ಗ ಇರಬೇಕು ಅಂದುಕೊಂಡು ಮೊಳೆ ಕೀಳತೊಡಗಿದೆ. ಅಡುಗೆಯವಳು ಸೌಟು ಹಿಡಿದೇ ಓಡಿ ಬಂದಳು.

"ಅಯ್ಯೋ, ಅದನ್ನ ಕೀಳಬೇಡಿ! ವಾರ್ಡನ್ ಅಮ್ಮ ಬರ್ಲಿ, ಕೇಳಿ."

"ಹೊಸ ಬಣ್ಣ ಬರ್ತಾ ಇದೆ ಕಣಮ್ಮ. ಈ ಕೊಳಕು ಹಾಗೇ ಇರಬೇಕಾ? ನೀವು ಒಲೆ ಕಡೆ ನೋಡ್ಕೊಳಿ, ಸೀದು ಹೋದೀತು" ಅಂದೆ.

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ನಾನು ಬೆನ್ನು ತಿರುಗಿಸಿದೆ. ಹಗ್ಗ, ಮುಚ್ಚಳ, ಚಮಚ ಎಲ್ಲ ಚೀಲಕ್ಕೆ ಹೋಯಿತು, ಚೀಲ ಕಸದ ಗಾಡಿಗೆ ಹೋಯಿತು.

ಸಂಜೆ ಬಸ್ಸು ಬಂತು. ನಾವೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದೆವು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗೆ ಕೈ ಹಾಕಿದರು, ಹಾಕಿದವರು ಅಲ್ಲಲ್ಲೇ ನಿಂತುಬಿಟ್ಟರು. "ಹಗ್ಗ ಎಲ್ಲಿ?" ಅಂತ ಯಾರೋ ಕೇಳಿದರು. ದೊಡ್ಡ ಮಕ್ಕಳು ಅಭ್ಯಾಸದ ಬಲದಿಂದ ಹೇಗೋ ತಡವಿಕೊಂಡು ಹೋದರು. ಏಳು ವರ್ಷದ ಒಂದು ಹುಡುಗಿ ಇತ್ತು, ಕೊಕ್ಕಿನಲ್ಲಿ ಹೆಕ್ಕಿದ ಹಾಗೆ ತಿನ್ನುತ್ತದೆ ಅಂತ ಎಲ್ಲರೂ ಅದನ್ನು ಗುಬ್ಬಿ ಅನ್ನುತ್ತಿದ್ದರು. ಅದು ಗೋಡೆ ಸವರುತ್ತ ನಾಲ್ಕು ಹೆಜ್ಜೆ ಹೋಗಿ, ನಾನೇ ಬಿಟ್ಟುಬಂದಿದ್ದ ಬಣ್ಣದ ಬಕೆಟ್ಟಿಗೆ ಎಡವಿ ಮುಗ್ಗರಿಸಿತು. ಗಲ್ಲ ಒಡೆದು ರಕ್ತ ಬಂತು. ನಮ್ಮ ಚಪ್ಪಾಳೆ ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ.

ಗಾಯಕ್ಕೆ ಹತ್ತಿ ಒತ್ತಿ ಹಿಡಿದು ಕೂತವಳು ಚೆಕಿಂಗ್ ಅಕ್ಕ. ವಾರ್ಡನ್ ಅಮ್ಮ ಅವಳೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದರು.

"ಇವಳು ಬಂದು ಎರಡು ತಿಂಗಳಾಯ್ತು. ಮೂರು ತಿಂಗಳೊಳಗೆ ಹಾಸಿಗೆಯಿಂದ ಬಚ್ಚಲಿಗೆ, ಅಲ್ಲಿಂದ ಊಟಕ್ಕೆ ಒಬ್ಬಳೇ ಹೋಗೋದು ಕಲೀಬೇಕು. ಇಲ್ಲದಿದ್ರೆ ವಾಪಸ್ ಕಳಿಸ್ಬೇಕು, ಅದು ನಿಯಮ. ನಲವತ್ತು ಮಕ್ಕಳಿಗೆ ನಾವು ಮೂರೇ ಜನ, ಏನು ಮಾಡೋಣ ಹೇಳಿ? ಹೋದ ವಾರವಷ್ಟೇ ಮೊದಲ ಸಲ ಒಬ್ಬಳೇ ಬಚ್ಚಲಿಗೆ ಹೋಗಿ ಬಂದಿದ್ಲು. ಕುಣಿದಾಡಿಬಿಟ್ಟಿದ್ಲು."

"ಮನೇಲಿ ಯಾರಿದ್ದಾರೆ?"

"ತಾಯಿ ಒಬ್ಳೇ. ಲಾಂಡ್ರಿ ಕೆಲಸ. ಮಗೂನ ಒಳಗೆ ಬಿಟ್ಟು, ಹೊರಗಿಂದ ಬೀಗ ಹಾಕಿ ಹೋಗ್ತಿದ್ಲಂತೆ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಎದ್ದು ನಿಂತು ಕೇಳಿದಳು: "ಹಗ್ಗ ಕಿತ್ತಿದ್ದು ಯಾರು?" ನಾನು ಕೈ ಎತ್ತಿದೆ. ಬಯ್ಯುತ್ತಾಳೆ ಅಂತ ಕಾದೆ. ಬಯ್ದಿದ್ದರೆ ಹಗುರವಾಗುತ್ತಿತ್ತು. ತನ್ನ ಸ್ಟಾಪ್ ಬಂದಾಗ ಇಳಿಯುತ್ತ ಅಂದಳು: "ಮುಂದಿನ ಭಾನುವಾರ ಎಂಟಕ್ಕೆ ಶಾಲೆ ಹತ್ರ ಬಾ. ಸುತ್ತಿಗೆ ತಗೊಂಡು ಬಾ."

ಸೋಮವಾರ ಅವಳು ಮೇಡಂ ಕೋಣೆಗೆ ಹೋದಳು. ನಾನೂ ಬಾಲದಂತೆ ಹಿಂದೆ ಹೋದೆ. ಮೇಡಂ ಕೆಟ್ಟವರಲ್ಲ, ಆದರೆ ಅವರ ತಲೆಯಲ್ಲಿ ಬೇರೆಯೇ ಚಿಂತೆ ಇತ್ತು.

"ತಿಂಗಳ ಕೊನೇ ಶನಿವಾರ ದೊಡ್ಡ ಸಾಹೇಬ್ರು ಆ ಗೋಡೆ ನೋಡೋಕೆ ಬರ್ತಾರೆ. ಫೋಟೋ ಆಗ್ಲೇ ಹೆಡ್ ಆಫೀಸಿಗೆ ಹೋಗಿದೆ. ಈಗ ಅದಕ್ಕೆ ಮೊಳೆ ಹೊಡೀತೀನಿ ಅಂತೀಯಲ್ಲ! ಮುಂದಿನ ವರ್ಷದ ಸೇವಾ ದಿನಕ್ಕೆ ನೋಡೋಣ."

"ಆ ಮಗೂಗೆ ಇರೋದು ನಾಲ್ಕು ವಾರ ಮೇಡಂ."

"ಈ ವರ್ಷದ ಗಂಟೆಗಳು ಮುಗಿದುಹೋದವು ಕಣಮ್ಮ. ಬೋರ್ಡಿಗೆ ಹಾಕೋಕೂ ಬರಲ್ಲ."

"ಬೋರ್ಡಿಗೆ ಹಾಕಿ ಅಂತ ಯಾರು ಕೇಳಿದ್ರು?" ಅಂದು ಅಕ್ಕ ಎದ್ದು ಬಂದಳು. ನೇರ ಸ್ಟೋರಿಗೆ ಹೋಗಿ, ತಾನೇ "ತೆಗಿ" ಅಂದಿದ್ದ ಗುಂಡಿಗಳಲ್ಲಿ ಎರಡು ಡಬ್ಬಿ ಬರೆಸಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಕ್ಷೌರದಂಗಡಿಗೆ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಅವಳ ಗಂಡ ಬೆಳಿಗ್ಗೆ ತಾನೇ ಅಡುಗೆ ಮಾಡಿ, ಡಬ್ಬಿ ಕಟ್ಟಿ ಕೊಟ್ಟು ಕಳಿಸಿದ್ದ. ಅಕ್ಕ ವಾರವಿಡೀ ಕೂತು ಹೊಸ ಹಗ್ಗಕ್ಕೆ ಗುಂಡಿ ಹೊಲಿದಿದ್ದಳು. ಬಚ್ಚಲಿಗೆ ಎರಡು ತೂತಿನವು, ಊಟಕ್ಕೆ ನಾಲ್ಕು ತೂತಿನವು, ಮಲಗುವ ಕೋಣೆಗೆ ಅಂಚು ಎತ್ತರಿಸಿದವು. ನೋಡಲು ಎಷ್ಟು ಚೆಂದ! ಮೊಳೆ ಹೊಡೆದು ಕಟ್ಟಿದೆವು. ದೊಡ್ಡ ಮಕ್ಕಳು ಬಂದು ಕೈಯಾಡಿಸಿ ನಡೆದು ನೋಡಿದರು.

"ಎಲ್ಲಾ ಒಂದೇ ಥರ ಇದೆ ಅಕ್ಕ" ಅಂದ ಒಬ್ಬ.

"ಒಂದೇ ಥರಾನಾ? ಇದು ಎರಡು ತೂತು, ಅದು ನಾಲ್ಕು!"

"ನಿಂತು ಮುಟ್ಟಿದ್ರೆ ಗೊತ್ತಾಗುತ್ತೆ. ನಡೀತಾ ಯಾರು ತೂತು ಎಣಿಸ್ತಾರೆ?"

ಅಕ್ಕನ ಮುಖ ನೋಡಬೇಕಿತ್ತು. ಹದಿನಾಲ್ಕು ವರ್ಷದ ಬೆರಳು, ಇಡೀ ಕಾರ್ಖಾನೆ ಹೆದರುವ ಬೆರಳು! ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ತಾನೇ ನಡೆದಳು. ಬಚ್ಚಲು ದಾಟಿ ಹೋಗಿ ಊಟದ ಕೋಣೆಯ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಕರವಸ್ತ್ರ ಬಿಚ್ಚಿ ತನ್ನ ಕೆಲಸಕ್ಕೆ ತಾನೇ "ತೆಗಿ" ಅಂದಳು. ಒಂದು ವಾರದ ಹೊಲಿಗೆ ನೀರಲ್ಲಿ ಹೋಮ. ನನಗೆ ಅಳು ಬಂದ ಹಾಗಾಯಿತು. ಅವಳು ಆಗಲೇ ಗುಬ್ಬಿಯ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಬಿದ್ದ ದಿನದಿಂದ ಗುಬ್ಬಿ ಯಾರಾದರೂ ಕೈ ಹಿಡಿಯದೆ ಹಾಸಿಗೆ ಬಿಟ್ಟು ಇಳಿಯುತ್ತಿರಲಿಲ್ಲ.

"ಹಳೇ ಹಗ್ಗ ಹೇಗಿತ್ತು ಹೇಳು ಮರಿ. ನನಗೆ ಗೊತ್ತಿಲ್ಲ, ನೀನೇ ಕಲಿಸಬೇಕು."

ಗುಬ್ಬಿ ಹಗ್ಗ ಹಿಡಿದ ಹಾಗೆ ಗಾಳಿಯಲ್ಲಿ ಕೈಯಾಡಿಸಿತು. ಆಮೇಲೆ ಹೇಳಿತು: "ಬಚ್ಚಲ ಹತ್ರ ತಣ್ಣಗಿತ್ತು. ಊಟದ ಹತ್ರ ಉದ್ದಕ್ಕಿತ್ತು. ಅದಕ್ಕೂ ಮುಂಚೆ ಗಂಟು ಬರುತ್ತೆ. ಗಂಟು ಬಂದ್ರೆ ನಿಧಾನ ಹೋಗು ಅಂತ."

ಆಮೇಲಿನ ಎರಡು ಭಾನುವಾರ ನಮ್ಮ ಯಜಮಾನಿ ಗುಬ್ಬಿಯೇ. ನಾನು ಕಟ್ಟುವುದು, ಅದು ಮುಟ್ಟಿ ಬೇಡ ಅನ್ನುವುದು, ಮತ್ತೆ ಬಿಚ್ಚುವುದು. ಬಚ್ಚಲಿಗೆ ಹಳೇ ಕೋಟಿನ ದೊಡ್ಡ ಲೋಹದ ಗುಂಡಿ, ಒಂದೇ ಒಂದು. ಊಟಕ್ಕೆ ಉದ್ದನೆಯ ಮರದ ಗುಂಡಿ. ಪ್ರತಿ ಬಾಗಿಲಿಗೆ ಮೂರು ಹೆಜ್ಜೆ ಮುಂಚೆ ಒಂದು ಗಂಟು. ಮೊದಲು ಅಕ್ಕನ ಕೈ ಹಿಡಿದು, ಆಮೇಲೆ ಅವಳ ಕಿರುಬೆರಳು ಹಿಡಿದು ಗುಬ್ಬಿ ನಡೆಯಿತು. ಬೆರಳು ಬಿಡಿಸಿಕೊಂಡರೆ ಮಾತ್ರ ಅಲ್ಲೇ ಕೂತುಬಿಡುತ್ತಿತ್ತು. ಮೂರನೇ ಭಾನುವಾರವೂ ಹಾಗೇ ಮುಗಿಯಿತು. ಇನ್ನುಳಿದದ್ದು ಶನಿವಾರ. ಅವತ್ತೇ ವಾರ್ಡನ್ ಅಮ್ಮನ ಪರೀಕ್ಷೆ, ಅವತ್ತೇ ದೊಡ್ಡ ಸಾಹೇಬರ ಭೇಟಿ.

ಶನಿವಾರ ಬೆಳಿಗ್ಗೆ ನಾವಿಬ್ಬರೂ ರಜೆ ಹಾಕಿ ಹೋದೆವು. ಊಟದ ಕೋಣೆಯ ಹತ್ತಿರ ಒಂದು ಮೊಳೆ ಸಡಿಲವಾಗಿತ್ತು. ನಾನು ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದನ್ನು ಬಿಗಿ ಮಾಡುತ್ತಿದ್ದೆ. ಆಗ ಮೇಡಂ ಒಳಗೆ ಬಂದರು. ಹಗ್ಗ ನೋಡಿ ಹಣೆ ಹಣೆ ಚಚ್ಚಿಕೊಂಡರು.

"ಇದೇನಿದು ಅವತಾರ! ಸಾಹೇಬ್ರು ಇನ್ನೊಂದು ಗಂಟೇಲಿ ಬರ್ತಾರೆ. ತೆಗೀರಿ. ಅವರು ಹೋದ ಮೇಲೆ ಬೇಕಾದ್ರೆ ಹಾಕ್ಕೊಳಿ."

"ಆಗಲ್ಲ" ಅಂದಳು ಅಕ್ಕ.

"ಮೆಮೊ ಕೊಡಬೇಕಾಗುತ್ತೆ, ನೋಡು."

"ಕೊಡಿ ಮೇಡಂ, ಈಗಲೇ ಸೈನ್ ಹಾಕ್ತೀನಿ. ಬೇಕಾದ್ರೆ ಕೆಲಸದಿಂದ ತೆಗೀರಿ. ಈ ಹಗ್ಗಕ್ಕೆ ಮಾತ್ರ ಇನ್ನೊಂದು ಸಲ ಯಾರೂ ಕೈ ಹಾಕೋ ಹಾಗಿಲ್ಲ."

ಮೇಡಂ ಏನೋ ಹೇಳುವುದರಲ್ಲಿದ್ದರು. ಅಷ್ಟರಲ್ಲಿ ಮಲಗುವ ಕೋಣೆಯ ಬಾಗಿಲು ತೆರೆಯಿತು. ವಾರ್ಡನ್ ಅಮ್ಮ ಬಾಯಿ ಮೇಲೆ ಬೆರಳಿಟ್ಟರು. ಹೊಸ್ತಿಲಲ್ಲಿ ಗುಬ್ಬಿ, ಒಬ್ಬಳೇ. ಗಲ್ಲದ ಮೇಲೆ ಗಾಯದ ಗೆರೆ. ಅಕ್ಕ ಓಡಿ ಹೋಗಿ ಬೆರಳು ಕೊಟ್ಟುಬಿಡುತ್ತಾಳೇನೋ ಅಂತ ನನಗೆ ಭಯ. ಅವಳು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು.

ಗುಬ್ಬಿ ಹಗ್ಗ ಹಿಡಿಯಿತು. ನಿಂತಿತು. ಆಮೇಲೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಗಂಟು ಬಂದಾಗ ನಿಧಾನಿಸಿತು. ತಣ್ಣನೆಯ ಗುಂಡಿ ಸಿಕ್ಕಿದ್ದೇ ತಿರುಗಿ ಬಚ್ಚಲಿಗೆ ಹೋಯಿತು. ಒಳಗೆ ನೀರಿನ ಸದ್ದಾಯಿತು. ಒದ್ದೆ ಕೈ ಬಟ್ಟೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದು ಮತ್ತೆ ಹಗ್ಗ ಹಿಡಿಯಿತು. ಈ ಸಲ ಹೆಜ್ಜೆ ಬೇಗ ಬೇಗ ಬಿತ್ತು. ಹಾಗೆ ಬಂದದ್ದು ನೇರ ನನ್ನ ಮುಂದೆ. ನಾನು ಸುತ್ತಿಗೆ ಹಿಡಿದು, ಅದು ಬರುವ ಕಡೆ ತಿರುಗಿ, ಗೋಡೆಗೆ ಅಂಟಿಕೊಂಡು ಕೂತವನು ಏಳುವುದನ್ನೇ ಮರೆತಿದ್ದೆ. ಅದರ ಕೈ ಹಗ್ಗ ಬಿಟ್ಟು ನನ್ನ ಅಂಗಿಯ ಮೇಲೆ ಬಂತು. ಎದೆಯ ಹತ್ತಿರದ ಗುಂಡಿಯನ್ನು ಹಿಡಿದು ತಿರುಗಿಸಿ ನೋಡಿತು. ಹುಬ್ಬು ಗಂಟಾಯಿತು.

"ಇಲ್ಲಿ ಗುಂಡಿ ಇರ್ಲಿಲ್ವಲ್ಲ. ಯಾರು ಹಾಕಿದ್ದು? ನನ್ನ ಕೇಳಿದ್ರಾ?"

ಗುಂಡಿಯನ್ನು ಮತ್ತೊಮ್ಮೆ ಜಗ್ಗಿ ನೋಡಿತು.

"ಇದು ಬೇಡ. ದಾರಿಗೆ ಅಡ್ಡ ಇದೆ. ಕಿತ್ತು ಹಾಕಿ" ಅಂದಿತು ಗುಬ್ಬಿ.

ನಾನು ಕೂತಲ್ಲೇ ಪಕ್ಕಕ್ಕೆ ಸರಿದೆ. ಅದರ ಕೈ ಮತ್ತೆ ಹಗ್ಗ ಹುಡುಕಿಕೊಂಡಿತು. ಗಂಟು ಸಿಕ್ಕಿತು, ಉದ್ದನೆಯ ಗುಂಡಿ ಸಿಕ್ಕಿತು. ಗುಬ್ಬಿ ಊಟದ ಕೋಣೆಗೆ ತಿರುಗಿತು. ಒಳಗಿಂದ ಅಡುಗೆಯವಳು ತಟ್ಟೆ ಇಟ್ಟ ಸದ್ದು ಕೇಳಿತು. ಮೇಡಂ ಹಗ್ಗದ ಮಾತು ಮತ್ತೆ ಎತ್ತಲಿಲ್ಲ. ಚೆಕಿಂಗ್ ಅಕ್ಕ ಕಂಕುಳಿಂದ ಕೈ ತೆಗೆದು ಕಣ್ಣೊರೆಸಿಕೊಂಡಳು.

"ಪಾಸ್" ಅಂದಳು.