ಮಾಯಮ್ಮ ಕೊಟ್ಟ ಒಂದು ಸ್ಟಾರ್

ಮಳವಳ್ಳಿಯ ವೀಣ ಜಗಳದಲ್ಲಿ ಯಾರಿಗೂ ಸೋತವಳಲ್ಲ. ಸಂತೆಯಲ್ಲಿ ತೂಕ ಕಮ್ಮಿ ಹಾಕಿದವನ ತಕ್ಕಡಿಯನ್ನೇ ಕಿತ್ತುಕೊಂಡವಳು. ಅಂಥವಳು ರಾಗಿ ಹುರಿಹಿಟ್ಟನ್ನು ಆನ್‌ಲೈನಿನಲ್ಲಿ ಮಾರತೊಡಗಿದ ಮೇಲೆ, ಯಾರು ಏನೇ ಬೈದರೂ ‘ಕ್ಷಮಿಸಿ ಸರ್’ ಎಂದು ಟೈಪು ಮಾಡುವ ಹಾಗಾದಳು. ಎಲ್ಲಾ ಆ ಹಾಳು ಸ್ಟಾರುಗಳ ದೆಸೆಯಿಂದ. ಕೊಂಡವರು ಐದಕ್ಕೆ ಎಷ್ಟು ಕೊಡುತ್ತಾರೋ, ಅದರ ಸರಾಸರಿ ನಾಲ್ಕಕ್ಕಿಂತ ಇಳಿದರೆ ಕಂಪನಿ ಅಂಗಡಿ ಮುಚ್ಚಿಸುತ್ತದೆ. ಮುಚ್ಚಿದರೆ ಮತ್ತೆ ಮದ್ದೂರಿನ ಗಾರ್ಮೆಂಟ್ಸಿಗೆ ಕತ್ತಲಲ್ಲೇ ವ್ಯಾನು ಹತ್ತಬೇಕು, ಉಚ್ಚೆಗೆ ಏಳಬೇಕಾದರೂ ಸೂಪರ್‌ವೈಸರನ್ನು ಕೇಳಬೇಕು. ಆ ಬಾಳು ಸಾಕಪ್ಪಾ ಸಾಕು ಎಂದೇ ಅವಳು ಮನೆಯಲ್ಲಿ ಒಲೆ ಹಚ್ಚಿದ್ದು.

ಹೋದ ತಿಂಗಳು ಯಾವನೋ ಪುಣ್ಯಾತ್ಮ ‘ಹಿಟ್ಟಿನಲ್ಲಿ ಸಕ್ಕರೆಯೇ ಇಲ್ಲ’ ಎಂದು ಬರೆದು ಒಂದು ಸ್ಟಾರ್ ಒತ್ತಿದ. ಹುರಿಹಿಟ್ಟಿಗೆ ಸಕ್ಕರೆ ಬೆರೆಸಿಕೊಳ್ಳಬೇಕಾದವನು ಅವನೇ ಅಲ್ಲವೇ! ಸರಾಸರಿ ಸರಿಯಾಗಿ ನಾಲ್ಕಕ್ಕೆ ಬಂದು ನಿಂತಿತು. ವೀಣಳಿಗೆ ಊಟ ಸೇರಲಿಲ್ಲ. ಅವಳ ಸಂಕಟ ನೋಡಲಾಗದೆ ಅತ್ತೆ ಮಾಯಮ್ಮ, ಮಂಡ್ಯದ ಮಗಳ ಮನೆಗೆ ಹೋದವರು, ಅಲ್ಲಿಂದಲೇ ತಮ್ಮ ಫೋನಿನಲ್ಲಿ ಸೊಸೆಯ ಹಿಟ್ಟು ತರಿಸಿದರು. ತರಿಸಿ, ಒಂದೇ ಒಂದು ಸ್ಟಾರ್ ಒತ್ತಿದರು.

ಸರಾಸರಿ ನಾಲ್ಕರ ಕೆಳಕ್ಕೆ ಜಾರಿತು. ವಾರದೊಳಗೆ ಮತ್ತೆ ಮೇಲೇರದಿದ್ದರೆ ಅಂಗಡಿ ಬಂದ್ ಎಂದು ಕಂಪನಿಯ ನೋಟಿಸೂ ಬಂತು. ಕೊಟ್ಟವರ ಹೆಸರು ನೋಡಿದರೆ ‘ಮಾಯಮ್ಮ, ಮಂಡ್ಯ’. ಅತ್ತೆ ಊರಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ಏನತ್ತೆ ಇಂಗ್ ಮಾಡ್ಬುಟ್ರಿ? ಒಂದ್ ಸ್ಟಾರು ಅಂದ್ರೆ ಚೆನ್ನಾಗಿಲ್ಲ ಅಂತ!”

“ನಂಗೊತ್ತಿಲ್ವಾ ಅಮ್ಮಿ? ದಿಷ್ಟಿಗೆ ಅಂತ ಇಕ್ದೆ. ಮಗೀನ್ ಕೆನ್ನೆಗೆ ಕಪ್ಪು ಇಕ್ಕಲ್ವಾ? ಐದೈದು ಅಂತ ತುಂಬ್ಕೊಂಡಿದ್ಕೇ ಆ ಸಕ್ಕರೆಯೋನ್ ಕಣ್ ಬಿದ್ದಿದ್ದು.”

“ಅಂಗ್ಡಿ ಮುಚ್ಚುಸ್ತಾರೆ ಅತ್ತೆ!”

“ನೋಡ್ದ್ಯಾ, ಎಂಥಾ ಕೆಟ್ ಕಣ್ಣು!”

ಅಂಗಡಿ ಕೆಟ್ಟಷ್ಟೂ ಮಾಯಮ್ಮನ ಮಾತೇ ಗಟ್ಟಿಯಾಗುತ್ತಿತ್ತು. ಆ ಸ್ಟಾರನ್ನು ಅಳಿಸಿ ಎಂದು ವೀಣ ಕಂಪನಿಗೆ ದೂರು ಕೊಟ್ಟಳು. ಅಲ್ಲಿಂದ ಪ್ರಶ್ನೆ ಬಂತು: ‘ಈ ಗ್ರಾಹಕರು ನಿಮ್ಮ ಸಂಬಂಧಿಕರೇ? ಅಥವಾ ನಿಮ್ಮ ವ್ಯಾಪಾರ ಕೆಡಿಸಲು ಬಂದ ಅಪರಿಚಿತರೇ?’ ಮನೆಯವರು ಸ್ಟಾರ್ ಕೊಡುವುದು ನಿಯಮಕ್ಕೆ ವಿರುದ್ಧ, ಸಂಬಂಧಿಕರು ಎಂದರೆ ಅಂಗಡಿ ಬಂದ್. ಅಪರಿಚಿತರು ಎಂದರೆ ಸ್ಟಾರ್ ಅಳಿಸುತ್ತಾರೆ.

ಗಾರ್ಮೆಂಟ್ಸ್ ಬಿಡುತ್ತೇನೆ ಎಂದಾಗ ಮನೆಯಲ್ಲಿ ಅವಳ ಪರ ನಿಂತಿದ್ದು ಈ ಅತ್ತೆಯೊಬ್ಬರೇ. ಗಂಡ ಯತೀಶ್ ಕೂಡ ನಿಲ್ಲಲಿಲ್ಲ. ವೀಣ ಹಲ್ಲು ಕಚ್ಚಿ ‘ಅಪರಿಚಿತರು’ ಎಂದು ಒತ್ತಿದಳು. ಥೂ, ನನ್ನ ಜನ್ಮಕ್ಕಿಷ್ಟು ಅನ್ನಿಸಿತು.

“ಏನ್ ಕೇಳವ್ರೆ?” ಎಂದು ಮಾಯಮ್ಮ ಪಕ್ಕ ಬಂದು ಕೂತರು.

“ನೀವು ನಂಗೇನಾಗ್ಬೇಕು ಅಂತ.”

ಮಾಯಮ್ಮನ ಮುಖ ಅರಳಿತು. “ಅತ್ತೆ ಅನ್ಬೇಡ, ಅವ್ವ ಅಂತ್ಲೇ ಏಳು. ಏಳ್ದ್ಯಾ?”

“ಊಂ, ಏಳ್ದೆ.”

“ಅಂಗಿರ್ಬೇಕು! ಇನ್ಮೇಲೆ ವಾರ್ವಾರ ನಾನೇ ತರಿಸ್ಕಂಡು ಒಂದೊಂದ್ ಸ್ಟಾರ್ ಇಕ್ತೀನಿ. ಅದ್ಯಾರ್ ಕಣ್ ಬಿದ್ದದೋ ನೋಡೇ ಬುಡ್ತೀನಿ.”